ಸಾಕ್ಷಿ ತಿರುಗಿದಾಗ ವಕೀಲರು ಮಾಡಬೇಕಾದ ಕೆಲಸ

ಜಯಲಲಿತಾ ಅವರ ವಿರುದ್ಧದ ಅಕ್ರಮ ಆಸ್ತಿ ಪ್ರಕರಣದ ವಿಚಾರಣೆ ಚೆನ್ನೈನ ವಿಶೇಷ ನ್ಯಾಯಾಲಯದಲ್ಲಿ 2000ದ ಆಗಸ್ಟ್ ಹೊತ್ತಿಗೆ ಬಹುತೇಕ ಮುಗಿದಿತ್ತು. ಪ್ರಾಸಿಕ್ಯೂಷನ್ ಪರವಾಗಿ 250 ಮಂದಿ ಸಾಕ್ಷಿ ನುಡಿದಾಗಿತ್ತು, ಹತ್ತು ಮಂದಿಯಷ್ಟೇ ಬಾಕಿ ಇದ್ದರು. 2001ರ ಮೇ ತಿಂಗಳಲ್ಲಿ ರಾಜ್ಯದ ಸರ್ಕಾರ ಬದಲಾಯಿತು, ಆರೋಪಿಯೇ ಮುಖ್ಯಮಂತ್ರಿಯಾದರು, ಸರ್ಕಾರಿ ಅಭಿಯೋಜಕರೂ ಬದಲಾದರು. ಆ ಬಳಿಕ 76 ಸಾಕ್ಷಿಗಳನ್ನು ಪಾಟೀಸವಾಲಿಗೆಂದು ಮತ್ತೆ ಕರೆಸಲಾಯಿತು. ಅವರಲ್ಲಿ 64 ಮಂದಿ ಮುಖ್ಯ ವಿಚಾರಣೆಯಲ್ಲಿ ಪ್ರಮಾಣ ಮಾಡಿ ಹೇಳಿದ್ದನ್ನು ಬಿಟ್ಟು ಬೇರೆಯದನ್ನೇ ಹೇಳಿದರು. ಅವರನ್ನು ಪ್ರತಿಕೂಲ ಸಾಕ್ಷಿಗಳೆಂದು ಪರಿಗಣಿಸಿ ಪ್ರಶ್ನಿಸಲು ಅನುಮತಿ ಕೊಡಿ ಎಂದು ಅಭಿಯೋಜಕರು ಕೇಳಲಿಲ್ಲ. ಈಗ ಏಕೆ ಮಾತು ಬದಲಿಸುತ್ತಿದ್ದೀರಿ, ಯಾರಾದರೂ ಒತ್ತಡ ತಂದರೇ ಎಂದು ಒಬ್ಬರನ್ನೂ ವಿಚಾರಿಸಲಿಲ್ಲ. ಆರೋಪಿ ಖುದ್ದಾಗಿ ನ್ಯಾಯಾಲಯಕ್ಕೆ ಬಂದು ಹೇಳಿಕೆ ಕೊಡುವ ಬದಲು ಪ್ರಶ್ನಾವಳಿಯನ್ನು ಮನೆಗೇ ಕಳಿಸಬೇಕೆಂಬ ಕೋರಿಕೆಗೂ ಆಕ್ಷೇಪ ಎತ್ತಲಿಲ್ಲ. ಡಿಎಂಕೆ ನಾಯಕ ಕೆ. ಅನ್ಬಳಗನ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2003ರ ನವೆಂಬರ್ 18ರಂದು ನ್ಯಾಯಮೂರ್ತಿಗಳಾದ ಎಸ್.ಎನ್. ವರಿಯಾವ ಮತ್ತು ಎಚ್.ಕೆ. ಸೆಮಾ ಅವರ ಪೀಠವು ಅಭಿಯೋಜಕರು ಆರೋಪಿಗಳೊಂದಿಗೆ ಕೈಜೋಡಿಸಿದಂತೆ ಕಾಣುತ್ತದೆ ಎಂದು ಬರೆದು, ಪ್ರಕರಣವನ್ನು ಬೆಂಗಳೂರಿಗೆ ವರ್ಗಾಯಿಸಿತು.

ಈ ಪ್ರಕರಣವನ್ನು ರಾಜಕೀಯದ ಕಥೆಯಾಗಿ ಎಲ್ಲರೂ ಓದಿದ್ದಾರೆ. ವಕೀಲಿಕೆಯ ಪಾಠವಾಗಿ ಓದಿದವರು ಕಡಿಮೆ. ಆ 64 ಸಾಕ್ಷಿಗಳು ತಿರುಗಿಬಿದ್ದ ದಿನಗಳಲ್ಲಿ ಅಭಿಯೋಜಕರ ಕೈಯಲ್ಲಿ ಕಾನೂನು ಕೊಟ್ಟ ಆಯುಧಗಳು ಇದ್ದೇ ಇದ್ದವು. ಸಾಕ್ಷ್ಯ ಅಧಿನಿಯಮದ 154ನೇ ಕಲಮು (ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 157) ತನ್ನ ಸಾಕ್ಷಿಯನ್ನೇ ಎದುರಾಳಿಯ ಸಾಕ್ಷಿಯಂತೆ ಪ್ರಶ್ನಿಸಲು ಅವಕಾಶ ಕೊಡುತ್ತದೆ. ಪಾಟೀಸವಾಲು ಮುಗಿದ ಮೇಲೆ, ಮರುವಿಚಾರಣೆಯ ಹಂತದಲ್ಲೂ ಈ ಅನುಮತಿ ಕೇಳಬಹುದು ಎಂಬುದನ್ನು ಸುಪ್ರೀಂ ಕೋರ್ಟ್ 1964ರಲ್ಲೇ ಸ್ಪಷ್ಟಪಡಿಸಿದೆ. ಮರುವಿಚಾರಣೆ ಎಂದರೆ ಬರಿಯ ಅಸ್ಪಷ್ಟತೆ ನಿವಾರಿಸುವ ಶಾಸ್ತ್ರವಲ್ಲ, ಸಾಕ್ಷಿಯಿಂದ ವಿವರಣೆ ಬೇಕೆನಿಸಿದರೆ ಕೇಳುವ ಹಕ್ಕು ಅಭಿಯೋಜಕರಿಗಿದೆ ಎಂದು 1999ರಲ್ಲಿ ರಮ್ಮಿ ಪ್ರಕರಣದಲ್ಲಿ ಹೇಳಿದೆ. ಇದಕ್ಕೆಲ್ಲ ವಾಗ್ವೈಭವ ಬೇಕಿರಲಿಲ್ಲ. ಎದ್ದು ನಿಂತು ಒಂದು ಅನುಮತಿ ಕೇಳುವುದು, ಹಿಂದಿನ ಹೇಳಿಕೆಯನ್ನು ಸಾಕ್ಷಿಯ ಮುಂದಿಟ್ಟು ನಾಲ್ಕು ಪ್ರಶ್ನೆ ಹಾಕುವುದು, ಉತ್ತರ ಏನೇ ಬರಲಿ ಅದನ್ನು ದಾಖಲಿಸುವುದು, ಇಷ್ಟೇ ಬೇಕಿದ್ದುದು. ಒಳ್ಳೆಯ ವಿಚಾರಣಾ ವಕೀಲರನ್ನು ಅಳೆಯಬೇಕಾದದ್ದು ಈ ಕೆಲಸದಿಂದ ಎಂಬುದು ನನ್ನ ವಾದ. ಸಾಕ್ಷಿಕಟ್ಟೆಯಲ್ಲಿ ನಡೆದದ್ದು ಕಾಗದದ ಮೇಲೆ ಯಾವ ರೂಪದಲ್ಲಿ ಉಳಿಯಿತು ಎಂಬುದರ ಹೊಣೆ ಹೊತ್ತವರೇ ಶ್ರೇಷ್ಠ ವಿಚಾರಣಾ ವಕೀಲರು. ಉಳಿದ ಗುಣಗಳೆಲ್ಲ ಆ ಹೊಣೆಯನ್ನು ನಿಭಾಯಿಸಲು ಬೇಕಾದ ಅಭ್ಯಾಸಗಳು.

ಕಾಗದಕ್ಕೆ ಇಷ್ಟು ಬೆಲೆ ಏಕೆ? ನಮ್ಮ ನ್ಯಾಯವ್ಯವಸ್ಥೆಯಲ್ಲಿ ಸತ್ಯಾಂಶಗಳು ಗಟ್ಟಿಯಾಗುವುದು ವಿಚಾರಣಾ ನ್ಯಾಯಾಲಯದಲ್ಲಿ ಮಾತ್ರ. ಹೈಕೋರ್ಟಿನಲ್ಲಿ, ಸುಪ್ರೀಂ ಕೋರ್ಟಿನಲ್ಲಿ ಎಷ್ಟೇ ದೊಡ್ಡ ಹೆಸರಿನ ವಕೀಲರು ನಿಂತರೂ ಕೆಳಗಿನಿಂದ ಬಂದ ಕಡತದೊಳಗೆ ಇಲ್ಲದ ಮಾತನ್ನು ಅವರು ಹುಟ್ಟಿಸಲಾರರು. ಸಾಕ್ಷಿ ತಡವರಿಸಿದ್ದು, ಬೆವರಿದ್ದು, ಆರೋಪಿಯ ಕಡೆ ನೋಡಿ ಮಾತು ನುಂಗಿದ್ದು ಯಾವುದೂ ಮೇಲಿನ ನ್ಯಾಯಪೀಠಕ್ಕೆ ಕಾಣುವುದಿಲ್ಲ. ವಿಚಾರಣಾ ನ್ಯಾಯಾಧೀಶರಿಗೂ ಹಲವು ಸಲ ಕಾಣುವುದಿಲ್ಲ. ಚೆನ್ನೈನ ಇದೇ ಪ್ರಕರಣ ಬೆಂಗಳೂರಿಗೆ ಬಂದ ಮೇಲೆ ವಿಶೇಷ ನ್ಯಾಯಾಧೀಶರು ಒಬ್ಬರಾದ ಮೇಲೊಬ್ಬರಂತೆ ಬದಲಾದರು. 2014ರ ಸೆಪ್ಟೆಂಬರ್ 27ರಂದು ತೀರ್ಪು ಕೊಟ್ಟ ಜಾನ್ ಮೈಕೆಲ್ ಕುನ್ಹಾ ಅವರು ಆ ಪೀಠಕ್ಕೆ ಬಂದದ್ದು 2013ರಲ್ಲಿ. 1990ರ ದಶಕದ ಕೊನೆಯಲ್ಲಿ ಚೆನ್ನೈನಲ್ಲಿ ನುಡಿದ ಸಾಕ್ಷಿಗಳ ಮುಖವನ್ನು ಅವರು ಕಂಡವರಲ್ಲ. ತಮಿಳಿನಲ್ಲಿದ್ದ ಹೇಳಿಕೆಗಳು ಮತ್ತು ದಾಖಲೆಗಳು ಇಂಗ್ಲಿಷಿಗೆ ಅನುವಾದವಾಗಿ ಅವರ ಮೇಜಿಗೆ ಬಂದವು. ಪ್ರಾಸಿಕ್ಯೂಷನ್ನಿನ 259, ಪ್ರತಿವಾದದ 99 ಸಾಕ್ಷಿಗಳ ಮಾತು ಅವರಿಗೆ ಬಹುಪಾಲು ಓದಿನ ವಸ್ತು. ಮೊದಲ ದಿನಗಳಲ್ಲಿ ಮುಖ್ಯ ವಿಚಾರಣೆ ನಡೆಸಿದವರು ಯಾರಿಗೋ ಮುಂದೆ ಓದಲು ಬೇಕಾಗುತ್ತದೆ ಎಂಬ ಎಚ್ಚರದಲ್ಲಿ ಪ್ರಶ್ನೆ ಹಾಕಿ ಉತ್ತರ ಬರೆಸಿದ್ದರಿಂದಲೇ ಹದಿನಾಲ್ಕು ವರ್ಷಗಳ ನಂತರವೂ ಆ ಸಾಕ್ಷ್ಯಕ್ಕೆ ಜೀವವಿತ್ತು. ಸಾಕ್ಷಿ ಆಮೇಲೆ ತಿರುಗಿಬಿದ್ದರೂ ಮುಖ್ಯ ವಿಚಾರಣೆಯಲ್ಲಿ ನುಡಿದದ್ದು ನಂಬುವಂತಿದ್ದರೆ ನ್ಯಾಯಾಲಯ ಅದನ್ನು ಆಧರಿಸಬಹುದು ಎಂಬುದು 1991ರ ಖುಜ್ಜಿ ಪ್ರಕರಣದಿಂದ ನೆಲೆಗೊಂಡ ತತ್ತ್ವ. ಆದರೆ ನಂಬುವಂತಿರಬೇಕಾದರೆ ಅದನ್ನು ಮೊದಲು ಹಾಗೆ ಬರೆಸಿರಬೇಕಲ್ಲ.

ಪ್ರಕರಣ ಬೆಂಗಳೂರಿಗೆ ಬಂದಾಗ ಸುಪ್ರೀಂ ಕೋರ್ಟ್ ಒಂದು ಬಾಗಿಲನ್ನು ತೆರೆದಿಟ್ಟಿತ್ತು. ಮಾತು ಬದಲಿಸಿದ ಸಾಕ್ಷಿಗಳನ್ನು ಮತ್ತೆ ಕರೆಸಲು, ಪ್ರತಿಕೂಲ ಎಂದು ಘೋಷಿಸಿ ಪ್ರಶ್ನಿಸಲು ಹೊಸ ಅಭಿಯೋಜಕರು ಅರ್ಜಿ ಹಾಕಿದರೆ ಅದನ್ನು ಮಾನ್ಯ ಮಾಡಬೇಕು ಎಂದು ಆದೇಶದಲ್ಲೇ ಬರೆದಿತ್ತು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳೊಂದಿಗೆ ಸಮಾಲೋಚಿಸಿ ರಾಜ್ಯ ಸರ್ಕಾರ ನೇಮಿಸಿದ ವಿಶೇಷ ಅಭಿಯೋಜಕರು ಹಿರಿಯ ವಕೀಲ ಬಿ.ವಿ. ಆಚಾರ್ಯ. ಉಡುಪಿ ಸೀಮೆಯ ಬೆಳಪುವಿನವರು, ಐದು ಸಲ ರಾಜ್ಯದ ಅಡ್ವೊಕೇಟ್ ಜನರಲ್ ಆಗಿದ್ದವರು. ಅವರ ಕೆಲಸದಲ್ಲಿ ನಾಟಕೀಯವಾದದ್ದು ಏನೂ ಕಾಣುವುದಿಲ್ಲ. ವರ್ಷಗಳ ಕಾಲ ಒಂದಾದ ಮೇಲೊಂದು ಮಧ್ಯಂತರ ಅರ್ಜಿಗೆ ಉತ್ತರಿಸುವುದು, ವಾಯಿದೆಗೆ ಆಕ್ಷೇಪಿಸುವುದು, ಬೇರೆ ಭಾಷೆಯ, ಬೇರೆ ರಾಜ್ಯದ ತನಿಖೆಯನ್ನು ಮೊದಲ ಪುಟದಿಂದ ಓದಿ ಮನಸ್ಸಿನಲ್ಲಿಟ್ಟುಕೊಳ್ಳುವುದು, ಇವು ಆ ಕೆಲಸ. ಒತ್ತಡ ತಾಳಲಾರದೆ 2012ರಲ್ಲಿ ಅವರು ಹುದ್ದೆ ಬಿಟ್ಟರು. ಇದನ್ನೂ ಹೇಳಬೇಕು, ಏಕೆಂದರೆ ವಕೀಲರ ಸಾಮರ್ಥ್ಯವೊಂದೇ ಎಲ್ಲವನ್ನೂ ತಡೆದುಕೊಳ್ಳುತ್ತದೆ ಎಂದು ನಟಿಸುವುದು ಸರಿಯಲ್ಲ.

2015ರಲ್ಲಿ ಅವರು ಮರಳಿ ಬಂದ ಸಂದರ್ಭ ನನ್ನ ವಾದಕ್ಕೆ ಅತ್ಯಂತ ಗಟ್ಟಿಯಾದ ಆಧಾರ. ಕುನ್ಹಾ ಅವರು ವಿಧಿಸಿದ್ದ ಶಿಕ್ಷೆಯ ವಿರುದ್ಧದ ಮೇಲ್ಮನವಿ ಕರ್ನಾಟಕ ಹೈಕೋರ್ಟಿನಲ್ಲಿ ಪೂರ್ತಿ ವಾದ ಮುಗಿಸಿ ತೀರ್ಪಿಗೆ ಕಾದಿತ್ತು. ಅಲ್ಲಿ ಹಾಜರಾದ ಅಭಿಯೋಜಕರನ್ನು ನೇಮಿಸಲು ತಮಿಳುನಾಡು ಸರ್ಕಾರಕ್ಕೆ ಅಧಿಕಾರವೇ ಇರಲಿಲ್ಲ ಎಂದು ಸುಪ್ರೀಂ ಕೋರ್ಟ್ ಏಪ್ರಿಲ್ 27ರಂದು ಹೇಳಿತು. ಹೊಸದಾಗಿ ಮೌಖಿಕ ವಾದಕ್ಕೆ ಅವಕಾಶ ಸಿಗಲಿಲ್ಲ, ಲಿಖಿತ ವಾದವನ್ನು ಮರುದಿನದೊಳಗೆ ಸಲ್ಲಿಸಬೇಕಿತ್ತು. ಕರ್ನಾಟಕ ಆಚಾರ್ಯರನ್ನು ನೇಮಿಸಿತು, ಅವರು ಗಡುವಿನೊಳಗೆ ಸಲ್ಲಿಸಿದರು. ಸಾವಿರಾರು ಪುಟಗಳ ಕಡತದ ಸಾರವನ್ನು ಒಂದು ದಿನದಲ್ಲಿ ಬರೆದುಕೊಡುವುದು ಜಾಣತನದಿಂದ ಆಗುವ ಕೆಲಸವಲ್ಲ, ಏಳು ವರ್ಷ ಅದರೊಳಗೆ ಬದುಕಿದವರಿಗೆ ಮಾತ್ರ ಸಾಧ್ಯ. ಮೇ 11ರಂದು ನ್ಯಾಯಮೂರ್ತಿ ಸಿ.ಆರ್. ಕುಮಾರಸ್ವಾಮಿ ಅವರು ಎಲ್ಲರನ್ನೂ ಖುಲಾಸೆಗೊಳಿಸಿದರು. ಆದಾಯಕ್ಕಿಂತ ಹೆಚ್ಚಾದ ಆಸ್ತಿ ಶೇ 8.12 ಮಾತ್ರ, ಶೇ 10ರೊಳಗಿನ ಅಂತರವನ್ನು 1977ರ ಕೃಷ್ಣಾನಂದ ಅಗ್ನಿಹೋತ್ರಿ ಪ್ರಕರಣದ ಪ್ರಕಾರ ಮನ್ನಿಸಬಹುದು ಎಂಬುದು ತೀರ್ಪಿನ ತಿರುಳು. ಆಚಾರ್ಯರು ಮಾಡಿದ್ದು ಕೂಡಿಸಿ ನೋಡುವ ಕೆಲಸ. ಬ್ಯಾಂಕಿನಿಂದ ಪಡೆದ ಹತ್ತು ಸಾಲಗಳ ಮೊತ್ತ ತೀರ್ಪಿನಲ್ಲಿ 24,17,31,274 ರೂಪಾಯಿ ಎಂದಿತ್ತು. ಅದೇ ಪಟ್ಟಿಯ ಅಂಕಿಗಳನ್ನು ಕೂಡಿಸಿದರೆ ಬರುವುದು 10,67,31,274. ಹದಿಮೂರೂವರೆ ಕೋಟಿ ರೂಪಾಯಿ ಆದಾಯದ ಕಡೆಗೆ ಸುಮ್ಮನೆ ಸೇರಿಹೋಗಿತ್ತು. ಅದನ್ನು ತೆಗೆದರೆ ಹೈಕೋರ್ಟಿನ ಉಳಿದ ಲೆಕ್ಕವನ್ನೆಲ್ಲ ಒಪ್ಪಿಕೊಂಡರೂ ಅಂತರ ಶೇ 76 ದಾಟುತ್ತದೆ. ಕರ್ನಾಟಕ ಮೇಲ್ಮನವಿ ಹೂಡಿತು. 2017ರ ಫೆಬ್ರುವರಿ 14ರಂದು ನ್ಯಾಯಮೂರ್ತಿಗಳಾದ ಪಿನಾಕಿ ಚಂದ್ರ ಘೋಷ್ ಮತ್ತು ಅಮಿತಾವ ರಾಯ್ ಅವರ ಪೀಠ ವಿಚಾರಣಾ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿಯಿತು. ಜಯಲಲಿತಾ ಅವರು ಅಷ್ಟರಲ್ಲಿ ತೀರಿಕೊಂಡಿದ್ದರಿಂದ ಅವರ ಮಟ್ಟಿಗೆ ಪ್ರಕರಣ ಕೊನೆಗೊಂಡಿತ್ತು. ಉಳಿದ ಮೂವರು ಆರೋಪಿಗಳು ಜೈಲಿಗೆ ಹೋಗಬೇಕಾಯಿತು.

ಹತ್ತು ಸಾಲಿನ ಕೂಡಿಕೆಯನ್ನು ತಾವೇ ಮಾಡಿ ನೋಡುವುದು ಸಣ್ಣ ಅಭ್ಯಾಸ. ಆದರೆ ಕೆಲಸದ ಬಗೆಗಿನ ಗೌರವ ಇಂಥ ಕಡೆಯೇ ಗೊತ್ತಾಗುವುದು. ಇನ್ನೊಬ್ಬರು ತಯಾರಿಸಿದ ಪಟ್ಟಿಯನ್ನು, ಜೂನಿಯರ್ ಬರೆದುಕೊಟ್ಟ ಟಿಪ್ಪಣಿಯನ್ನು, ತನಿಖಾಧಿಕಾರಿಯ ಸಾರಾಂಶವನ್ನು ಮೂಲದೊಂದಿಗೆ ಹೋಲಿಸದೆ ಎದ್ದು ನಿಲ್ಲದಿರುವುದು ಒಳ್ಳೆಯ ವಕೀಲರ ನೇಮ. ಮರಣೋತ್ತರ ಪರೀಕ್ಷೆಯ ವರದಿಯಲ್ಲಿ ಗಾಯದ ಅಳತೆ, ಮಹಜರಿನಲ್ಲಿ ಬರೆದ ವೇಳೆ, ಪಂಚರ ಸಹಿಯ ದಿನಾಂಕ, ಮುದ್ದೆಮಾಲು ಪ್ರಯೋಗಾಲಯ ತಲುಪಿದ ದಿನ, ಇವುಗಳ ನಡುವಿನ ಹೊಂದಾಣಿಕೆಯಲ್ಲೇ ಬಹಳಷ್ಟು ಪ್ರಕರಣಗಳು ನಿಲ್ಲುತ್ತವೆ ಅಥವಾ ಬೀಳುತ್ತವೆ. ಈಗ ಫೋನ್ ಕರೆಗಳ ವಿವರ, ಸಿಸಿಟಿವಿ ದೃಶ್ಯಗಳೂ ಸೇರಿಕೊಂಡಿವೆ. ವಿದ್ಯುನ್ಮಾನ ದಾಖಲೆಯ ಪ್ರತಿಗೆ ನಿಯಮದಂತೆ ಪ್ರಮಾಣಪತ್ರ ಬೇಕೇ ಬೇಕು ಎಂದು 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿದ ಮೇಲೂ ಅದಿಲ್ಲದೆ ಹಾರ್ಡ್‌ಡಿಸ್ಕ್ ತಂದಿಡುವ ತನಿಖೆಗಳಿವೆ, ಅದನ್ನು ಗಮನಿಸದ ವಕೀಲರೂ ಇದ್ದಾರೆ.

ಇನ್ನು ಪಾಟೀಸವಾಲು. ಸಿನಿಮಾ ನೋಡಿದವರ ಮನಸ್ಸಿನಲ್ಲಿ ವಕೀಲರೆಂದರೆ ಇದೇ. ಸಾಕ್ಷಿಯನ್ನು ಗದರಿಸಿ, ಮೂಲೆಗೆ ತಳ್ಳಿ, ಕೊನೆಗೆ ಸತ್ಯ ಕಕ್ಕಿಸುವುದು. ನಿಜವಾದ ನ್ಯಾಯಾಲಯದಲ್ಲಿ ಗದರಿಕೆ ಕಡತಕ್ಕೆ ಹೋಗುವುದಿಲ್ಲ. ಅಲ್ಲಿ ಹೋಗುವುದು ನ್ಯಾಯಾಧೀಶರು ಬೆರಳಚ್ಚುಗಾರರಿಗೆ ಬರೆಸುವ ವಾಕ್ಯ. ಕರ್ನಾಟಕದ ಯಾವುದೇ ತಾಲ್ಲೂಕು ನ್ಯಾಯಾಲಯದ ಸಾಕ್ಷಿ ಹೇಳಿಕೆಯನ್ನು ತೆಗೆದು ಓದಿ. ಪಾಟೀಸವಾಲಿನ ಭಾಗದಲ್ಲಿ ಪುಟಗಟ್ಟಲೆ ಒಂದೇ ಧಾಟಿ: ನಾನು ಸ್ಥಳದಲ್ಲಿ ಇರಲೇ ಇಲ್ಲ ಎಂದರೆ ಸರಿಯಲ್ಲ, ಪೊಲೀಸರು ಹೇಳಿಕೊಟ್ಟಂತೆ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ, ಸುಳ್ಳು ಸಾಕ್ಷಿ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ. ವಕೀಲರು ಸೂಚನೆ ಮಾಡಿದರು, ಸಾಕ್ಷಿ ನಿರಾಕರಿಸಿದರು. ಇದರಿಂದ ಏನೂ ಸಾಬೀತಾಗುವುದಿಲ್ಲ, ಏಕೆಂದರೆ ನಿರಾಕರಿಸಲ್ಪಟ್ಟ ಸೂಚನೆ ಸಾಕ್ಷ್ಯವಲ್ಲ. ಕೆಲವೊಮ್ಮೆ ಹಾನಿಯೂ ಆಗುತ್ತದೆ. ಪ್ರತಿವಾದಿ ವಕೀಲರು ಪಾಟೀಸವಾಲಿನಲ್ಲಿ ಮಾಡಿದ ಸೂಚನೆಯಲ್ಲಿ ಆರೋಪಿಯನ್ನು ಸಿಕ್ಕಿಸುವ ಅಂಶವಿದ್ದರೆ ಅದು ಆರೋಪಿಗೆ ಬದ್ಧವಾಗುತ್ತದೆ ಎಂದು 2023ರ ಬಾಲು ಸುದಾಮ್ ಖಾಲ್ಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರೋಪಿ ಸ್ಥಳದಲ್ಲಿದ್ದರು, ಆದರೆ ಹೊಡೆದಿಲ್ಲ ಎಂಬ ಧಾಟಿಯಲ್ಲಿ ಪ್ರಶ್ನೆ ಹಾಕಿದವರು ಸ್ಥಳದಲ್ಲಿ ಇದ್ದುದನ್ನು ತಾವೇ ಒಪ್ಪಿಕೊಂಡಂತೆ. ಆದ್ದರಿಂದ ಕೇಳದೆ ಬಿಡುವ ಪ್ರಶ್ನೆಗಳನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಬರುವ ಸಂಯಮ ಈ ಕಸುಬಿನಲ್ಲಿ ದೊಡ್ಡ ಗುಣ.

ಕೇಳಬೇಕಾದ ಪ್ರಶ್ನೆಗೂ ಒಂದು ಕ್ರಮವಿದೆ. ಸಾಕ್ಷಿ ಪೊಲೀಸರ ಮುಂದೆ ಹೇಳಿದ್ದಕ್ಕೂ ನ್ಯಾಯಾಲಯದಲ್ಲಿ ನುಡಿದದ್ದಕ್ಕೂ ವ್ಯತ್ಯಾಸವಿದೆ ಎಂದುಕೊಳ್ಳೋಣ. ಆ ಹಿಂದಿನ ಹೇಳಿಕೆಯ ನಿರ್ದಿಷ್ಟ ಭಾಗವನ್ನು ಸಾಕ್ಷಿಗೆ ಓದಿ ಹೇಳಬೇಕು, ಹಾಗೆ ಹೇಳಿಲ್ಲ ಎಂದರೆ ಅದನ್ನು ಗುರುತು ಮಾಡಿಸಬೇಕು, ಆಮೇಲೆ ತನಿಖಾಧಿಕಾರಿ ಸಾಕ್ಷಿಗೆ ಬಂದಾಗ ಆ ಭಾಗವನ್ನು ಅವರ ಮೂಲಕ ಸಾಬೀತುಪಡಿಸಬೇಕು. ಈ ಮೂರು ಮೆಟ್ಟಿಲುಗಳಲ್ಲಿ ಒಂದನ್ನು ಮರೆತರೂ ವ್ಯತ್ಯಾಸ ನ್ಯಾಯಾಲಯದ ಕಣ್ಣಿಗೆ ಇಲ್ಲದಂತೆಯೇ. ಮೊದಲೆರಡನ್ನು ಮಾಡಿ ಎರಡು ವರ್ಷಗಳ ಬಳಿಕ ತನಿಖಾಧಿಕಾರಿ ಬಂದ ದಿನ ಮೂರನೆಯದನ್ನು ಮರೆಯುವುದು ಸಾಮಾನ್ಯ. ಅಷ್ಟರಲ್ಲಿ ಜೂನಿಯರ್ ಬದಲಾಗಿರುತ್ತಾರೆ, ಬ್ರೀಫ್ ಕೈ ಬದಲಿಸಿರುತ್ತದೆ. ಸಾಕ್ಷಿ ಮುಗಿದ ದಿನವೇ ಕುಳಿತು ಯಾವುದು ಬಾಕಿ ಉಳಿಯಿತು, ಯಾರ ಮೂಲಕ ಅದನ್ನು ಪೂರೈಸಬೇಕು ಎಂದು ಬರೆದಿಡುವವರು ಈ ಗುಂಡಿಗೆ ಬೀಳುವುದಿಲ್ಲ. ನ್ಯಾಯಾಧೀಶರು ಬರೆಸುವ ವಾಕ್ಯವನ್ನು ಕಿವಿಗೊಟ್ಟು ಕೇಳಿ, ಸಾಕ್ಷಿ ಹೇಳಿದ ಮಾತಿಗೂ ಅದಕ್ಕೂ ವ್ಯತ್ಯಾಸ ಕಂಡರೆ ವಿನಯದಿಂದ, ಆದರೆ ಅಲ್ಲಿಯೇ, ಆ ಕ್ಷಣವೇ ಹೇಳುವ ಧೈರ್ಯವೂ ಇದರ ಜತೆಗೇ ಬರಬೇಕು. ಚೆನ್ನೈನಲ್ಲಿ ತಮಿಳು, ಕರಾವಳಿಯಲ್ಲಿ ತುಳು, ಉತ್ತರ ಕರ್ನಾಟಕದ ತಾಂಡಾದಿಂದ ಬಂದ ಸಾಕ್ಷಿಯ ಬಾಯಲ್ಲಿ ಲಂಬಾಣಿ. ಸಾಕ್ಷಿಯ ಆಡುಮಾತು ನ್ಯಾಯಾಲಯದ ಭಾಷೆಗೆ ಇಳಿಯುವಾಗ ಕಳೆದುಹೋಗುವ ಅಂಶ ಕೆಲವೊಮ್ಮೆ ಇಡೀ ಪ್ರಕರಣದ ಜೀವ. ಅದನ್ನು ಹಿಡಿಯಬಲ್ಲವರು ಕೊಠಡಿಯಲ್ಲಿ ಆ ಭಾಷೆ ಬಲ್ಲ ವಕೀಲರು ಮಾತ್ರ.

ವೇಳೆಯ ಪ್ರಶ್ನೆಯನ್ನೂ ಇಲ್ಲೇ ಹೇಳಿಬಿಡಬೇಕು. 2015ರ ಜನವರಿಯಲ್ಲಿ ವಿನೋದ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀವ್ರ ಬೇಸರದಿಂದ ಬರೆದ ಸಂಗತಿಯೊಂದಿದೆ. ಮುಖ್ಯ ವಿಚಾರಣೆಯಾದ ಇಪ್ಪತ್ತು ತಿಂಗಳ ನಂತರ ಸಾಕ್ಷಿಯ ಪಾಟೀಸವಾಲು ನಡೆದಿತ್ತು, ಅಷ್ಟರಲ್ಲಿ ಆ ಸಾಕ್ಷಿ ಪೂರ್ತಿ ತಿರುಗಿಹೋಗಿದ್ದರು. ಚೆನ್ನೈನ 76 ಸಾಕ್ಷಿಗಳಿಗೆ ಆದದ್ದೂ ಇದೇ ಜಾತಿಯದು. ವಾಯಿದೆ ಕೇಳುವುದು ವಕೀಲರಿಗೆ ಸಲೀಸು, ನ್ಯಾಯಾಧೀಶರಿಗೆ ಕೊಡುವುದು ಸಲೀಸು. ಅದರ ಬೆಲೆ ತೆರುವವರು ಸಾಕ್ಷಿಕಟ್ಟೆಗೆ ಎರಡು ಸಲ ಹತ್ತಬೇಕಾದವರು ಮತ್ತು ತೀರ್ಪಿಗಾಗಿ ಕಾಯುವವರು. ಸಾಕ್ಷಿ ಬಂದ ದಿನ ಸಿದ್ಧರಾಗಿರುವುದು, ಎದುರು ಪಕ್ಷ ಪಾಟೀಸವಾಲನ್ನು ಮುಂದೂಡಲು ಕೇಳಿದರೆ ಆಕ್ಷೇಪವನ್ನು ಬರವಣಿಗೆಯಲ್ಲಿ ದಾಖಲಿಸುವುದು ಒಳ್ಳೆಯ ವಕೀಲರ ಅಭ್ಯಾಸ ಎಂದರೆ ಕೆಲವರಿಗೆ ಕ್ಷುಲ್ಲಕವೆನಿಸಬಹುದು. ಸಾಕ್ಷಿಗಳು ತಿರುಗಿದ ಪ್ರಕರಣಗಳನ್ನು ಓದಿದವರಿಗೆ ಹಾಗೆನ್ನಿಸುವುದಿಲ್ಲ.

ಇದಕ್ಕೆ ಎದುರಾಗಿ ಮೊದಲು ಬರುವ ಮಾತು ವಾಕ್ಚಾತುರ್ಯದ್ದು. ನ್ಯಾಯಾಧೀಶರೂ ಮನುಷ್ಯರೇ, ಅವರ ಮನಸ್ಸನ್ನು ಒಲಿಸುವವರು ಗೆಲ್ಲುತ್ತಾರೆ, ಇತಿಹಾಸ ನೆನಪಿಡುವುದು ಮಹಾನ್ ವಾಗ್ಮಿಗಳನ್ನೇ ಎನ್ನುತ್ತಾರೆ. ಇದಕ್ಕೆ ಉದಾಹರಣೆಯಾಗಿ ಹೆಚ್ಚಾಗಿ ಉಲ್ಲೇಖಿಸುವುದು ಅಲಿಪುರ ಬಾಂಬ್ ಪ್ರಕರಣ. ಅಲ್ಲಿ ಸರ್ಕಾರದ ಪರವಾಗಿ ನಿಂತಿದ್ದವರು ಮದರಾಸಿನ ಪ್ರಸಿದ್ಧ ಬ್ಯಾರಿಸ್ಟರ್ ಅರ್ಡ್ಲಿ ನಾರ್ಟನ್, ಅರವಿಂದ ಘೋಷರ ಪರವಾಗಿ ಚಿತ್ತರಂಜನ ದಾಸ್. ದಾಸರ ಸಮಾರೋಪದ ಮಾತುಗಳನ್ನು ಜನ ಇಂದಿಗೂ ನೆನೆಯುತ್ತಾರೆ. ಆದರೆ ಇನ್ನೂರಕ್ಕೂ ಹೆಚ್ಚು ಸಾಕ್ಷಿಗಳು ಬಂದುಹೋದ ಆ ವಿಚಾರಣೆಯಲ್ಲಿ ಅರವಿಂದರ ಭವಿಷ್ಯ ತೂಗಿದ್ದು ದಾಖಲೆಗಳ ಮೇಲೆ. ಅದರಲ್ಲೂ ಸಿಹಿತಿಂಡಿಯ ಪ್ರಸ್ತಾಪವಿದ್ದ ಒಂದು ಪತ್ರ ನಿಜವೋ ನಕಲಿಯೋ ಎಂಬುದರ ಮೇಲೆ. ದಾಸ್ ಅದರ ವಿಶ್ವಾಸಾರ್ಹತೆಯನ್ನು ಪ್ರಶ್ನಿಸಿದರು. ಅದನ್ನು ನಂಬಿ ಶಿಕ್ಷೆ ಕೊಡಲು ನ್ಯಾಯಾಧೀಶ ಬೀಚ್‌ಕ್ರಾಫ್ಟ್ ಒಪ್ಪಲಿಲ್ಲ. 1909ರ ಮೇ 6ರಂದು ಅರವಿಂದರು ಬಿಡುಗಡೆಯಾದರು. ಆ ಸಮಾರೋಪ ಎಷ್ಟೇ ಸುಂದರವಾಗಿದ್ದರೂ ಅದರ ಕೆಳಗೆ ಈ ದಾಖಲೆಯ ಕೆಲಸವಿಲ್ಲದಿದ್ದರೆ ಅದು ಒಂದು ಒಳ್ಳೆಯ ಭಾಷಣವಾಗಿ ಉಳಿಯುತ್ತಿತ್ತು.

ಮದರಾಸಿನದೇ ಇನ್ನೊಂದು ಪ್ರಕರಣ ಇದನ್ನು ಇನ್ನಷ್ಟು ನಿಚ್ಚಳ ಮಾಡುತ್ತದೆ. 1944ರ ನವೆಂಬರ್‌ನಲ್ಲಿ ಪತ್ರಕರ್ತ ಸಿ.ಎನ್. ಲಕ್ಷ್ಮೀಕಾಂತನ್ ವೇಪೇರಿಯಲ್ಲಿ ಇರಿತಕ್ಕೊಳಗಾಗಿ ಸತ್ತರು. ತಮಿಳು ಚಿತ್ರರಂಗದ ಮೇರು ನಟರಾದ ಎಂ.ಕೆ. ತ್ಯಾಗರಾಜ ಭಾಗವತರ್ ಮತ್ತು ಎನ್.ಎಸ್. ಕೃಷ್ಣನ್ ಆರೋಪಿಗಳಾದರು. ನಾಡಿನ ಅತ್ಯುತ್ತಮ ಎನಿಸಿಕೊಂಡ ವಕೀಲರು ಹೈಕೋರ್ಟಿನ ಸೆಷನ್ಸ್‌ನಲ್ಲಿ ಜೂರಿಯ ಮುಂದೆ ವಾದಿಸಿದರು. ಆದರೂ ಜೂರಿ ಬಹುಮತದಿಂದ ಅವರನ್ನು ತಪ್ಪಿತಸ್ಥರೆಂದಿತು, 1945ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಪ್ರಿವಿ ಕೌನ್ಸಿಲ್ ಪ್ರಕರಣವನ್ನು ಹೈಕೋರ್ಟಿಗೆ ಮರಳಿಸಿದ ಮೇಲೆ, ಮದರಾಸಿನ ಮೊದಲ ಭಾರತೀಯ ಕ್ರೌನ್ ಪ್ರಾಸಿಕ್ಯೂಟರ್ ಎನಿಸಿದ್ದ ವಿ.ಎಲ್. ಎತಿರಾಜ್ ಪ್ರತಿವಾದದ ಪರವಾಗಿ ನಿಂತು ಸಾಕ್ಷ್ಯದ ಒಳಗಿನ ವೈರುಧ್ಯಗಳನ್ನು ಬಿಡಿಸಿಟ್ಟರು. 1947ರ ಏಪ್ರಿಲ್‌ನಲ್ಲಿ ಇಬ್ಬರೂ ಬಿಡುಗಡೆಯಾದರು. ಅದೇ ಸಾಕ್ಷಿಗಳು, ಅದೇ ಮಾತುಗಳು. ಕೊಠಡಿಯ ಬಿಸಿಯಲ್ಲಿ ಒಂದು ಬಗೆಯಾಗಿ ಕೇಳಿಸಿದ್ದು ತಣ್ಣಗೆ ಓದಿದಾಗ ಇನ್ನೊಂದು ಬಗೆಯಾಗಿ ಕಂಡಿತು. ವೈರುಧ್ಯಗಳನ್ನು ವಿಚಾರಣೆಯಲ್ಲಿ ಹೊರಗೆ ತಂದು ದಾಖಲಿಸಿದವರು ಅಂದು ಸೋತಿದ್ದರು. ಎರಡು ವರ್ಷಗಳ ಆಮೇಲಿನ ಗೆಲುವಿಗೆ ಆಧಾರ ಕೊಟ್ಟದ್ದು ಆ ಸೋತ ವಿಚಾರಣೆಯ ಕಡತವೇ. 1973ರ ದಂಡ ಪ್ರಕ್ರಿಯಾ ಸಂಹಿತೆಯ ನಂತರ ನಮ್ಮಲ್ಲಿ ಜೂರಿಯೂ ಇಲ್ಲ. ಜೂರಿಯಲ್ಲಿ ಕುಳಿತ ಸಾಮಾನ್ಯರ ಮನ ಕರಗಿಸಬೇಕಾದ ಕಲೆಯಿಂದ ನ್ಯಾಯಾಧೀಶರು ಲಿಖಿತ ಕಾರಣಗಳನ್ನು ಕೊಡಬೇಕಾದ ವ್ಯವಸ್ಥೆಗೆ ನಾವು ಬಂದಿದ್ದೇವೆ. ಕಾರಣ ಬರೆಯಲು ನ್ಯಾಯಾಧೀಶರಿಗೆ ಬೇಕಾದ್ದು ಪುಟಸಂಖ್ಯೆ.

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು. ಸಾಕ್ಷಿಗಳು ತಿರುಗುವುದು ಭಯದಿಂದ, ಹಣದಿಂದ, ಅಧಿಕಾರದಿಂದ. ಅದಕ್ಕೆ ವಕೀಲರೇನು ಮಾಡಲು ಸಾಧ್ಯ? ಭಯ ನಿಜ. 2018ರ ಡಿಸೆಂಬರ್‌ನಲ್ಲಿ ಮಹೇಂದ್ರ ಚಾವ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ರಕ್ಷಣಾ ಯೋಜನೆಯನ್ನು ಅಂಗೀಕರಿಸಿದ್ದು ಆ ಭಯವನ್ನು ಒಪ್ಪಿಕೊಂಡೇ. ಆದರೆ ವಡೋದರಾದ ಬೆಸ್ಟ್ ಬೇಕರಿ ಪ್ರಕರಣವನ್ನು 2004ರಲ್ಲಿ ಮಹಾರಾಷ್ಟ್ರಕ್ಕೆ ಮರುವಿಚಾರಣೆಗೆ ಕಳಿಸುವಾಗ ಸುಪ್ರೀಂ ಕೋರ್ಟ್ ಸಾಕ್ಷಿಗಳ ಭಯದ ಬಗ್ಗೆ ಮಾತಾಡಿ ಸುಮ್ಮನಾಗಲಿಲ್ಲ, ಅಭಿಯೋಜಕರ ನಡೆಯನ್ನೂ ಕಟುವಾಗಿ ಟೀಕಿಸಿತು. ಭಯಗೊಂಡ ಸಾಕ್ಷಿಯನ್ನು ಭಯಮುಕ್ತ ಮಾಡುವುದು ವಕೀಲರ ಕೈಯಲ್ಲಿಲ್ಲ, ಒಪ್ಪೋಣ. ಆ ಸಾಕ್ಷಿ ಭಯದಿಂದ ಮಾತು ಬದಲಿಸಿದ್ದು ದಾಖಲೆಯಲ್ಲಿ ಕಾಣುವಂತೆ ಮಾಡುವುದು ಖಂಡಿತ ಅವರ ಕೈಯಲ್ಲಿದೆ. ಚೆನ್ನೈನಲ್ಲಿ ಒಬ್ಬ ಸಾಕ್ಷಿಯ ಭಯ ಇನ್ನೊಬ್ಬ ಸಾಕ್ಷಿಯ ಭಯದಂತೆಯೇ ಇದ್ದಿರಬೇಕು, ಆದರೆ ಸುಪ್ರೀಂ ಕೋರ್ಟನ್ನು ಕಾಡಿದ್ದು 64 ಸಲವೂ ಅಭಿಯೋಜಕರು ಮೌನವಾಗಿ ಕುಳಿತದ್ದು.

ಹೀಗೆ ನಿಪುಣರಾದ ವಕೀಲರೇ ಅಪರಾಧಿಗಳನ್ನು ಬಿಡಿಸುವವರು ಎಂಬುದು ಮೂರನೆಯ ಆಕ್ಷೇಪ, ಬೀದಿಯಲ್ಲಿ ಹೆಚ್ಚು ಕೇಳಿಬರುವುದು. ರಾಜೀವ್ ಗಾಂಧಿ ಹತ್ಯೆ ಪ್ರಕರಣದಲ್ಲಿ ಪೂನಮಲ್ಲಿಯ ವಿಶೇಷ ನ್ಯಾಯಾಲಯ 1998ರ ಜನವರಿಯಲ್ಲಿ 26 ಆರೋಪಿಗಳಿಗೂ ಮರಣದಂಡನೆ ವಿಧಿಸಿತು. ಸುಪ್ರೀಂ ಕೋರ್ಟಿನಲ್ಲಿ ಚೆನ್ನೈನ ಹಿರಿಯ ವಕೀಲ ಎನ್. ನಟರಾಜನ್ ಆರೋಪಿಗಳ ಪರ ವಾದಿಸಿದರು. 1999ರ ಮೇ ತಿಂಗಳಲ್ಲಿ ನಾಲ್ವರ ಮರಣದಂಡನೆ ಉಳಿಯಿತು, ಮೂವರದು ಜೀವಾವಧಿಗೆ ಇಳಿಯಿತು, ಉಳಿದ 19 ಮಂದಿ ಹೊರಬಂದರು. ಇಡೀ ದೇಶ ಕೋಪದಲ್ಲಿದ್ದ ಪ್ರಕರಣವೊಂದರಲ್ಲಿ ಯಾರ ವಿರುದ್ಧ ಎಷ್ಟು ಸಾಕ್ಷ್ಯವಿದೆ ಎಂದು ಒಬ್ಬೊಬ್ಬರನ್ನಾಗಿ ಬಿಡಿಸಿ ನೋಡಲು ಒತ್ತಾಯಿಸುವವರು ಇಲ್ಲದಿದ್ದರೆ ಆ ಹತ್ತೊಂಬತ್ತು ಮಂದಿಯ ಕುತ್ತಿಗೆಗೆ ಹಗ್ಗ ಬೀಳುತ್ತಿತ್ತು. ಅದನ್ನು ಅಪರಾಧಿಗಳನ್ನು ಬಿಡಿಸುವ ಕಲೆ ಎಂದು ನಾನು ಕರೆಯಲಾರೆ. ದಾಖಲೆಯನ್ನು ನಿಷ್ಠೆಯಿಂದ ಕಟ್ಟುವ ವಕೀಲರು ಯಾವ ಕಡೆ ನಿಂತರೂ ಅವರಿಂದ ನ್ಯಾಯಕ್ಕೆ ಬಲ ಬರುತ್ತದೆ. ವಕೀಲರ ಪರಿಷತ್ತಿನ ನಿಯಮಗಳಲ್ಲಿ ಅಭಿಯೋಜಕರಿಗೆ ನಿರಪರಾಧಿಗೆ ಶಿಕ್ಷೆಯಾಗದಂತೆ ಪ್ರಕರಣ ನಡೆಸಬೇಕೆಂದು ಕಟ್ಟಳೆ ಇರುವುದು ಈ ಕಾರಣಕ್ಕೇ. ಸಾಕ್ಷಿಗೆ ಮಾತು ಹೇಳಿಕೊಡುವ, ದಾಖಲೆ ಮುಚ್ಚಿಡುವ ವಕೀಲರೂ ಇದ್ದಾರಲ್ಲ ಎಂದರೆ, ಇದ್ದಾರೆ. ಅವರನ್ನು ಬಯಲಿಗೆಳೆಯುವುದು ಎದುರು ನಿಂತವರ ಇದೇ ತಾಳ್ಮೆಯ ಕೆಲಸ.

ನಾಲ್ಕನೆಯದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ದಿನಕ್ಕೆ ಹತ್ತಾರು ಪ್ರಕರಣಗಳಿಗೆ ಹಾಜರಾಗಬೇಕಾದ ಸರ್ಕಾರಿ ಅಭಿಯೋಜಕರು, ಅತಿ ಕಡಿಮೆ ಶುಲ್ಕಕ್ಕೆ ಕಾನೂನು ನೆರವಿನ ಬ್ರೀಫ್ ಹಿಡಿದ ಕಿರಿಯ ವಕೀಲರು ಮೂಲ ದಾಖಲೆಯನ್ನೆಲ್ಲ ಓದಿ ಬರಬೇಕೆಂದರೆ ಅವರ ದಿನದಲ್ಲಿ ಅಷ್ಟು ಗಂಟೆಗಳಿಲ್ಲ. ಅಭಿಯೋಜನಾ ನಿರ್ದೇಶನಾಲಯಗಳಿಗೆ ಕಾನೂನಿನಲ್ಲಿ ಜಾಗವಿದೆ, 2022ರಿಂದ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಪೂರ್ಣಾವಧಿ ಪ್ರತಿವಾದ ವಕೀಲರ ವ್ಯವಸ್ಥೆಯನ್ನು ಜಿಲ್ಲೆಗಳಿಗೆ ತರುತ್ತಿದೆ. ಇವು ಸರಿಯಾದ ದಿಕ್ಕಿನ ಹೆಜ್ಜೆಗಳು, ಆದರೆ ಹುದ್ದೆ ಸೃಷ್ಟಿಸುವುದು ಬೇರೆ, ಆ ಹುದ್ದೆಯಲ್ಲಿ ಓದಲು ವೇಳೆ ಕೊಡುವುದು ಬೇರೆ. ಹಳೆಯ ಮದರಾಸಿನಲ್ಲಿ ಕಿರಿಯರು ಕಲಿತದ್ದು ಹೈಕೋರ್ಟಿನ ಆಚೆಬದಿಯ ತಂಬು ಚೆಟ್ಟಿ ಬೀದಿ, ಅರ್ಮೇನಿಯನ್ ಬೀದಿಗಳ ಕಚೇರಿಗಳಲ್ಲಿ, ಸೀನಿಯರ್ ಜತೆ ಕುಳಿತು, ಇಡೀ ಸಾಕ್ಷಿ ಹೇಳಿಕೆಯನ್ನು ಗಟ್ಟಿಯಾಗಿ ಓದಿ, ಗುರುತು ಹಾಕಿ. ಆ ಪಾಠ ಸಿಕ್ಕಿದ್ದು ಅಂಥ ಕಚೇರಿಗೆ ಪ್ರವೇಶವಿದ್ದವರಿಗೆ ಮಾತ್ರ ಎಂಬುದೂ ನಿಜ. ಹಳ್ಳಿಯಿಂದ, ಮೊದಲ ತಲೆಮಾರಿನಿಂದ ಬಂದ ಹುಡುಗಿಗೋ ಹುಡುಗನಿಗೋ ಇಂದು ಅದನ್ನು ಕಲಿಸುವ ಜವಾಬ್ದಾರಿ ವಕೀಲರ ಸಂಘ ಮತ್ತು ಕಾನೂನು ಕಾಲೇಜುಗಳ ಮೇಲಿದೆ. ಅಣಕು ನ್ಯಾಯಾಲಯದ ಸ್ಪರ್ಧೆಗಳಲ್ಲಿ ಮೇಲ್ಮನವಿಯ ವಾದಕ್ಕೆ ಬಹುಮಾನ ಕೊಡುವ ಕಾಲೇಜುಗಳು ಒಂದು ನಿಜವಾದ ಸೆಷನ್ಸ್ ಕಡತವನ್ನು ವಿದ್ಯಾರ್ಥಿಗಳ ಮುಂದಿಟ್ಟು, ಇದರಲ್ಲಿ ಗುರುತು ಮಾಡಿಸದೆ ಬಿಟ್ಟ ವ್ಯತ್ಯಾಸಗಳನ್ನು ಹುಡುಕಿ ಎಂದು ಏಕೆ ಕೇಳಬಾರದು?

ಸರ್ಕಾರಗಳ ಕೈಯಲ್ಲೂ ಒಂದು ಸಿದ್ಧ ಸಾಧನವಿದೆ. 2014ರ ಜನವರಿ 7ರಂದು ಕಿಶನ್‌ಭಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಒಂದು ಆದೇಶ ಕೊಟ್ಟಿತು. ಪ್ರತಿಯೊಂದು ಖುಲಾಸೆಯನ್ನೂ ಪೊಲೀಸ್ ಮತ್ತು ಅಭಿಯೋಜನಾ ಇಲಾಖೆಯ ಹಿರಿಯ ಅಧಿಕಾರಿಗಳ ಸ್ಥಾಯಿ ಸಮಿತಿ ಪರಿಶೀಲಿಸಿ, ತಪ್ಪು ಎಲ್ಲಿ ಆಯಿತೆಂದು ಗುರುತಿಸಿ, ಆ ಪಾಠಗಳನ್ನು ತರಬೇತಿಯಲ್ಲಿ ಸೇರಿಸಬೇಕು ಎಂದು. ಆ ಸಮಿತಿಗಳು ತೀರ್ಪಿನ ಕೊನೆಯ ಪುಟ ಓದಿ ಸಾಕ್ಷಿಗಳು ಸಹಕರಿಸಲಿಲ್ಲ ಎಂದು ಷರಾ ಬರೆದು ಮುಗಿಸಬಾರದು. ಸಾಕ್ಷಿ ಹೇಳಿಕೆಯನ್ನೇ ತೆರೆದು, ಸಾಕ್ಷಿ ತಿರುಗಿದ ಪುಟವನ್ನು ಹುಡುಕಿ, ಆ ಪುಟದ ಮುಂದಿನ ಸಾಲಿನಲ್ಲಿ ಅಭಿಯೋಜಕರು ಅನುಮತಿ ಕೇಳಿದರೇ, ಹಿಂದಿನ ಹೇಳಿಕೆಯನ್ನು ಮುಂದಿಟ್ಟರೇ, ತನಿಖಾಧಿಕಾರಿಯ ಮೂಲಕ ಅದನ್ನು ಸಾಬೀತುಪಡಿಸಿದರೇ ಎಂದು ನೋಡಬೇಕು. ಪ್ರತಿ ಜಿಲ್ಲೆಯಲ್ಲಿ ವರ್ಷಕ್ಕೊಮ್ಮೆ ಈ ಮೂರು ಪ್ರಶ್ನೆಗಳಿಗೆ ಬಂದ ಉತ್ತರವನ್ನು ಸಾರ್ವಜನಿಕವಾಗಿ ಪ್ರಕಟಿಸಿದರೆ, ನಮ್ಮ ನ್ಯಾಯಾಲಯಗಳಲ್ಲಿ ಎಷ್ಟು ಪ್ರಕರಣಗಳು ಭಯದಿಂದ ಸೋತವು, ಎಷ್ಟು ಸಿದ್ಧತೆಯಿಲ್ಲದೆ ಸೋತವು ಎಂಬುದು ಜನರಿಗೆ ತಿಳಿಯುತ್ತದೆ.